ಪುಟಾಣಿ ಕಾರಿಗೆ ಗೀಸರಿನ ಶಕ್ತಿಯೆ?

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ಕಾಲೇಜು ಹುಡುಗ ಹುಡುಗಿಯರು ಚೀಟಿ ಹಿಡಿದು ಅಲೆಯುವುದನ್ನು ನೀವು ನೋಡಿರಬಹುದು. ಮೋಟರು, ಸರ್ವೊ, ಸೆಲ್ಲು, ರಿಸೀವರು ಎಂದು ಚೀಟಿ ಉದ್ದವಾಗಿರುತ್ತದೆ, ಜೇಬು ಗಿಡ್ಡವಾಗಿರುತ್ತದೆ. ‘ಒರಿಜಿನಲ್ ಬೇಕಾ, ಡೂಪ್ಲಿಕೇಟ್ ಸಾಕಾ?’ ಎಂದು ಕೇಳುವ ಅಂಗಡಿಯವನು ಪುಣ್ಯಾತ್ಮ. ಅಂತರಜಾಲದ ಅಂಗಡಿಗೆ ಆ ಬಾಯಿಯೂ ಇಲ್ಲ. ಚಿತ್ರ ಒಂದೇ, ಹೆಸರು ಒಂದೇ, ಬೆಲೆ ಮಾತ್ರ ಹತ್ತು ಬಗೆ!

ರಿಮೋಟ್ ಕಾರು ಕಟ್ಟುವುದು ಒಳ್ಳೆಯ ಹವ್ಯಾಸ. ಜಪಾನಿನ ತಮಿಯಾ ಕಂಪನಿ 1976ರಲ್ಲಿ ಪೋರ್ಷೆ ಕಾರಿನ ಪುಟ್ಟ ಪ್ರತಿಕೃತಿಯನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿ ಮಾರಿದಂದಿನಿಂದ ಈ ಆಟ ಬೆಳೆಯುತ್ತಲೇ ಬಂದಿದೆ. ಪುಸ್ತಕದಲ್ಲಿ ಓದಿದ ಓಮನ ನಿಯಮ ಇಲ್ಲಿ ಕೈಗೆ ಬಿಸಿಬಿಸಿಯಾಗಿ ತಾಗುತ್ತದೆ. ಆದರೆ ಮಗ ಇರುಳೆಲ್ಲ ಕೂತು ಕಟ್ಟಿದ ಕಾರು ಎರಡನೆಯ ದಿನವೇ ಹೊಗೆಯಾಡಿದರೆ ತಪ್ಪು ಯಾರದು? ‘ನನಗೇ ಬರುವುದಿಲ್ಲ’ ಎಂದು ಹುಡುಗ ಅಂದುಕೊಳ್ಳುತ್ತಾನೆ. ‘ದುಡ್ಡು ದಂಡ’ ಎಂದು ಅಪ್ಪ ಅಂದುಕೊಳ್ಳುತ್ತಾರೆ. ಹಲವು ಸಲ ಇಬ್ಬರ ಊಹೆಯೂ ತಪ್ಪು.

ಒಂದು ಮಾತು ಮೊದಲೇ ಹೇಳಿಬಿಡೋಣ. ಅಗ್ಗವೆಲ್ಲ ಮೋಸವಲ್ಲ, ನಕಲೆಲ್ಲ ಕಳ್ಳತನವಲ್ಲ. ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ 2005ರಲ್ಲಿ ಹುಟ್ಟಿದ ‘ಆರ್ಡುಯಿನೊ’ ಬೋರ್ಡಿನ ನಕ್ಷೆಯನ್ನು ಅದನ್ನು ರೂಪಿಸಿದವರೇ ಜಗತ್ತಿಗೆ ಬಿಟ್ಟುಕೊಟ್ಟಿದ್ದಾರೆ. ಯಾರು ಬೇಕಾದರೂ ಅಂಥದೇ ಬೋರ್ಡು ಮಾಡಿ ತಮ್ಮ ಹೆಸರಿನಲ್ಲಿ ಮಾರಬಹುದು. ಮೂಲದವರ ಹೆಸರನ್ನು ಮಾತ್ರ ಅಂಟಿಸಿಕೊಳ್ಳುವಂತಿಲ್ಲ. ಹೀಗೆ ಸ್ವಂತ ಹೆಸರಿನಲ್ಲಿ ಬಂದ ಅಗ್ಗದ ಬೋರ್ಡಿನಿಂದ ಎಷ್ಟೋ ಬಡ ವಿದ್ಯಾರ್ಥಿಗಳು ಕಲಿತಿದ್ದಾರೆ, ಕಲಿಯಲಿ. ತಕರಾರು ಇರುವುದು ಸುಳ್ಳು ಹೆಸರು ಮತ್ತು ಸುಳ್ಳು ಅಂಕಿ ಹೊತ್ತ ಮಾಲಿನ ಬಗ್ಗೆ. ಹೆಸರಿನ ಸುಳ್ಳು ಹಿಡಿಯುವುದು ಕಷ್ಟ. ಅಂಕಿಯ ಸುಳ್ಳು ಹಿಡಿಯಲು ಹೈಸ್ಕೂಲಿನ ಲೆಕ್ಕ ಸಾಕು.

ಮೋಟರಿಗೆ ಎಷ್ಟು ವಿದ್ಯುತ್ ಹರಿಯಬೇಕೆಂದು ನಿಯಂತ್ರಿಸುವ ಸ್ಪೀಡ್ ಕಂಟ್ರೋಲರನ್ನೇ ತೆಗೆದುಕೊಳ್ಳಿ. ಬೆಂಕಿಪೊಟ್ಟಣದಷ್ಟಿರುವ ಅಗ್ಗದ ಮಾದರಿಯೊಂದು ‘320 ಆಂಪಿಯರ್’ ಎಂಬ ಬಿರುದು ಹೊತ್ತು ಎಲ್ಲೆಡೆ ಮಾರಾಟವಾಗುತ್ತದೆ. ಕಾರಿನ ಬ್ಯಾಟರಿ 7.2 ವೋಲ್ಟ್ ಎಂದಿಟ್ಟುಕೊಳ್ಳಿ. ಗುಣಿಸಿದರೆ 2304 ವ್ಯಾಟ್. ನಿಮ್ಮ ಬಚ್ಚಲುಮನೆಯ ಗೀಸರು ಸಾಮಾನ್ಯವಾಗಿ 2000 ವ್ಯಾಟಿನದು! ಆ ಗೀಸರಿನಲ್ಲಿ ಹರಿಯುವುದು ಸುಮಾರು 9 ಆಂಪಿಯರ್. ಅಷ್ಟಕ್ಕೇ ದಪ್ಪ ವೈರು, ದೊಡ್ಡ ಸಾಕೆಟ್ಟು ಬೇಕು. ಅದರ 35 ಪಟ್ಟು ವಿದ್ಯುತ್ತು ಶಾವಿಗೆಯಂಥ ವೈರಿನಲ್ಲಿ ಹರಿಯುವುದುಂಟೆ? ಒಳಗಿರುವ ಟ್ರಾನ್ಸಿಸ್ಟರುಗಳು ತಣ್ಣಗಿದ್ದಾಗ ಮಾತ್ರ ತಡೆದುಕೊಳ್ಳಬಲ್ಲ ಗರಿಷ್ಠ ಅಂಕಿಗಳನ್ನು ಸುಮ್ಮನೆ ಕೂಡಿಸಿಬಿಟ್ಟರೆ ಇಂಥ ಸಂಖ್ಯೆಗಳು ಹುಟ್ಟುತ್ತವೆ. ಓಡುವ ಕಾರಿನಲ್ಲಿ ಟ್ರಾನ್ಸಿಸ್ಟರು ತಣ್ಣಗಿರುವುದಿಲ್ಲ.

ಸೆಲ್ಲಿನ ಕತೆ ಇನ್ನೂ ರೋಚಕ. ಕಾರಿಗೂ ಟಾರ್ಚಿಗೂ ಬಳಸುವ ‘18650’ ಎಂಬ ಲಿಥಿಯಂ ಸೆಲ್ಲಿನ ಹೆಸರೇ ಅದರ ಅಳತೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅಷ್ಟು ಜಾಗದಲ್ಲಿ ಹೆಸರಾಂತ ಕಂಪನಿಗಳು ತುಂಬಿಸಬಲ್ಲ ಸಾಮರ್ಥ್ಯ ಸುಮಾರು 3500 ಮಿಲಿಆಂಪಿಯರ್ ಗಂಟೆ. ಅದೇ ಗಾತ್ರದ ಅಗ್ಗದ ಸೆಲ್ಲಿನ ಮೈಮೇಲೆ ‘9900’ ಎಂದು ಅಚ್ಚಾಗಿರುತ್ತದೆ. ಲಿಥಿಯಂ ಬ್ಯಾಟರಿಯ ಸಂಶೋಧಕರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ಸೆಲ್ಲು ನಿಜವಾಗಿದ್ದರೆ ಅದನ್ನು ಮಾಡಿದಾತನಿಗೆ ಮೂರು ನೊಬೆಲ್ ಕೊಡಬೇಕಾಗುತ್ತದೆ. ಒಡೆದು ನೋಡಿದರೆ ಕೆಲವದರ ಹೊಟ್ಟೆಯಲ್ಲಿ ಬೆರಳ ತುದಿಯಷ್ಟು ಚಿಕ್ಕ ಸೆಲ್ಲು, ಉಳಿದ ಜಾಗಕ್ಕೆ ಬಿಳಿ ಪುಡಿ ಸಿಕ್ಕಿದ್ದುಂಟು. ಬೆಳ್ಳಗಿರುವುದೆಲ್ಲ ಹಾಲಲ್ಲ! (ನೀವು ಮಾತ್ರ ಒಡೆಯಬೇಡಿ; ಲಿಥಿಯಂ ಸೆಲ್ಲು ಗಾಯವಾದರೆ ಉರಿಯುತ್ತದೆ.)

ಚಕ್ರ ತಿರುಗಿಸುವ ಸರ್ವೊದಲ್ಲೂ ಅಷ್ಟೆ. ರಿಸೀವರು ಸೆಕೆಂಡಿಗೆ 50 ಸಲ ಅದಕ್ಕೆ ಸಂದೇಶ ಕಳಿಸುತ್ತದೆ. ಒಂದು ಮಿಲಿಸೆಕೆಂಡಿನ ಮಿಡಿತವಾದರೆ ಒಂದು ಬದಿಗೆ, ಎರಡಾದರೆ ಇನ್ನೊಂದು ಬದಿಗೆ, ಒಂದೂವರೆಯಾದರೆ ನಡುವಿಗೆ. ಸರ್ವೊದ ಒಳಗೆ ತಿರುವಿನ ಅಳತೆ ಹೇಳುವ ಪುಟ್ಟ ಭಾಗ ಕಳಪೆಯಾದರೆ ಅದು ಒಂದೆಡೆ ನಿಲ್ಲದೆ ಚಳಿ ಹಿಡಿದಂತೆ ನಡುಗುತ್ತದೆ. ಹುಡುಗಿ ತನ್ನ ಪ್ರೋಗ್ರಾಮೇ ತಪ್ಪೆಂದು ಸರಿಯಾಗಿದ್ದುದನ್ನೂ ತಿದ್ದುತ್ತ ಕೂರುತ್ತಾಳೆ. ಹಣಕ್ಕಿಂತ ದೊಡ್ಡ ನಷ್ಟ ಇದು. ಅಳತೆಗೋಲೇ ಸುಳ್ಳಾದರೆ ಕಲಿತದ್ದನ್ನು ನಂಬುವುದು ಹೇಗೆ?

ಹಣಕ್ಕಿಂತ ದೊಡ್ಡ ಅಪಾಯವೂ ಉಂಟು. ಕಂಟ್ರೋಲರಿನ ಟ್ರಾನ್ಸಿಸ್ಟರು ಕಾದು ಕೆಟ್ಟಾಗ ಅನೇಕ ಸಲ ದಾರಿ ಮುಚ್ಚುವುದರ ಬದಲು ತೆರೆದೇ ಉಳಿಯುತ್ತದೆ. ಬ್ಯಾಟರಿಯ ಪೂರ್ತಿ ಶಕ್ತಿ ಮೋಟರಿಗೆ ನುಗ್ಗುತ್ತದೆ. ನೀವು ರಿಮೋಟ್ ಒತ್ತಿದರೂ ಬಿಟ್ಟರೂ ಕಾರು ನಿಲ್ಲದು. ಎರಡು ಕಿಲೋ ತೂಕದ ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದು ಬಡಿದರೆ ಅಷ್ಟೇ ತೂಕದ ಕಲ್ಲು 6 ಮೀಟರ್ ಎತ್ತರದಿಂದ, ಅಂದರೆ ಎರಡಂತಸ್ತಿನ ಮನೆಯ ತಾರಸಿಯಿಂದ, ಬಿದ್ದಂತೆ. ಬೀದಿಯಲ್ಲಿ ಆಡುವ ಪುಟ್ಟ ಮಗುವಿನ ಕಾಲಿಗೆ ಅದು ಆಟಿಕೆಯಲ್ಲ.

ಹಾಗಾದರೆ ಏನು ಮಾಡಬೇಕು? ಎಲ್ಲವನ್ನೂ ದುಬಾರಿ ಕೊಳ್ಳಿರೆಂದರೆ ಮಧ್ಯಮ ವರ್ಗದ ಮನೆಯಲ್ಲಿ ಹವ್ಯಾಸವೇ ನಿಂತೀತು. ಸರ್ವೊ, ಚಕ್ರ, ಬೋರ್ಡು ಅಗ್ಗದವಾದರೂ ಚಿಂತೆಯಿಲ್ಲ, ಕೆಟ್ಟರೆ ಬದಲಿಸಬಹುದು. ಬೆಂಕಿ ಹತ್ತುವ ಮತ್ತು ಓಡಿಹೋಗುವ ಭಾಗಗಳಾದ ಬ್ಯಾಟರಿ, ಚಾರ್ಜರು, ಸ್ಪೀಡ್ ಕಂಟ್ರೋಲರುಗಳಲ್ಲಿ ಚೌಕಾಸಿ ಬೇಡ. ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳಿ.

ತಂದ ಮೇಲೆ ಎರಡು ಪರೀಕ್ಷೆ ಮಾಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಸೆಲ್ಲನ್ನು ಇಡಿ. ಒಳ್ಳೆಯ 18650 ಸುಮಾರು 45 ಗ್ರಾಂ ತೂಗುತ್ತದೆ. ಮೂವತ್ತರ ಆಸುಪಾಸಿನಲ್ಲಿದ್ದರೆ ಚಾರ್ಜಿಗೆ ಹಾಕದೆ ವಾಪಸು ಮಾಡಿ. ಇನ್ನು, ಓಡಿಸುವ ಮೊದಲು ಕಾರನ್ನು ಇಟ್ಟಿಗೆಯ ಮೇಲೆ ಕೂರಿಸಿ. ಚಕ್ರಗಳು ನೆಲಕ್ಕೆ ತಾಗಬಾರದು. ಚಕ್ರ ತಿರುಗುತ್ತಿರುವಾಗಲೇ ಕೈಯಲ್ಲಿರುವ ರಿಮೋಟನ್ನು ಆರಿಸಿ. ಚಕ್ರ ತಕ್ಷಣ ನಿಂತರೆ ಸರಿ. ತಿರುಗುತ್ತಲೇ ಇದ್ದರೆ ಆ ರಿಸೀವರು ಎಷ್ಟೇ ಅಗ್ಗವಾಗಿರಲಿ, ನಿಮ್ಮ ಬೀದಿಗೆ ಬೇಡ. ಆದರೆ ಈ ಪರೀಕ್ಷೆ ಪಾಸಾದ ಮಾತ್ರಕ್ಕೆ ಕಂಟ್ರೋಲರು ಎಂದೂ ಕೆಡದೆಂದಲ್ಲ. ಕಾರನ್ನು ಓಡಿಸುವುದು ಜನರಿಲ್ಲದ ಬಯಲಿನಲ್ಲೇ ಇರಲಿ.

ಅಪ್ಪ ಅಮ್ಮಂದಿರೇ, ಮುಂದಿನ ಸಲ ಮಕ್ಕಳು ಬಿಡಿಭಾಗಗಳ ಚೀಟಿ ತಂದಾಗ ಬೆಲೆಯ ಜೊತೆಗೆ ಡಬ್ಬಿಯ ಮೇಲಿನ ಅಂಕಿಯನ್ನೂ ಕೇಳಿ. ‘ಇದು ಸಾಧ್ಯವೇ? ಗುಣಿಸಿ ತೋರಿಸು’ ಎನ್ನಿ. ಹಾಗೆ ಗುಣಿಸಿ ನೋಡುವ ಅಭ್ಯಾಸ ನಾಳೆ ಫ್ಯಾನು, ಇನ್ವರ್ಟರು ಕೊಳ್ಳುವಾಗಲೂ ಕೆಲಸಕ್ಕೆ ಬರುತ್ತದೆ.