ಗುಂಡಿನ ಔಚಿತ್ಯ

ಹದಿನಾಲ್ಕನೆಯ ಶತಮಾನದ ಸಂಸ್ಕೃತ ಸಂಕಲನವಾದ ಶಾರ್ಙ್ಗಧರ ಪದ್ಧತಿಯಲ್ಲಿ ಧನುರ್ವೇದಕ್ಕೆ ಮೀಸಲಾದ ಭಾಗವೊಂದುಂಟು. ಅಲ್ಲಿ ಬಾಣಗಳನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಮುಂಭಾಗವು ದಪ್ಪವಾದುದು ಸ್ತ್ರೀ, ಹಿಂಭಾಗವು ದಪ್ಪವಾದುದು ಪುರುಷ, ಆದ್ಯಂತ ಸಮನಾದುದು ನಪುಂಸಕ. ಮೊದಲನೆಯದು ದೂರ ಹೋಗುವುದು. ಎರಡನೆಯದು ಗಟ್ಟಿಯಾದುದನ್ನು ಭೇದಿಸುವುದು. ಮೂರನೆಯದು ಗುರಿಗೆ ಪ್ರಶಸ್ತವಾದುದು. ದೂರ ಹೋಗುವುದೇ ಬೇರೆ, ಗುರಿಯನ್ನು ಮುಟ್ಟುವುದೇ ಬೇರೆ ಎಂಬ ವಿವೇಕವು ನಮ್ಮ ಪೂರ್ವಿಕರಿಗೆ ಇದ್ದಿತೆಂಬುದಕ್ಕೆ ಇದೊಂದೇ ಸಾಕು. ಬಿಲ್ಲು ಹೋಗಿ ಕೋವಿ ಬಂದ ಮೇಲೂ ಪ್ರಶ್ನೆಯು ಮಾತ್ರ ಬದಲಾಗಲಿಲ್ಲ.

ಗೃಹಸ್ಥರ ಪತ್ರಿಕೆಗೆ ಕೋವಿಯ ಮಾತೇಕೆಂದು ವಾಚಕ ಮಹಾಶಯರು ಕೇಳಬಹುದು. ಕೋವಿಯೂ ಗೃಹವಸ್ತುವಾಗಿರುವ ನಾಡು ನಮ್ಮ ನೆರೆಯಲ್ಲಿಯೇ ಇದೆಯಷ್ಟೆ. ಸೆಪ್ಟೆಂಬರ ಮೂರನೆಯ ತಾರೀಕಿನ ಸುಮಾರಿಗೆ ಕೊಡಗಿನಲ್ಲಿ ಕೈಲ್ ಮುಹೂರ್ತವು ನಡೆಯುವುದು. ಕೋವಿಗಳನ್ನು ಒರಸಿ, ತೋಕ್ ಪೂವೆಂಬ ಗೌರಿಹೂವಿನಿಂದ ಸಿಂಗರಿಸಿ, ದೀಪದ ಮುಂದಿಟ್ಟು ಪೂಜಿಸುವರು. ಅನಂತರ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯವಾಗುವುದು. ೧೮೬೧ರಲ್ಲಿ ಮಾರ್ಕ್ ಕಬ್ಬನ್ನರು ಕೊಡವರನ್ನು ನಿಶ್ಶಸ್ತ್ರೀಕರಣದ ಕಾನೂನಿನಿಂದ ಬಿಟ್ಟುಕೊಟ್ಟರು. ಆ ವಿನಾಯಿತಿಯು ಇಂದಿಗೂ ಉಳಿದಿದೆ. ೨೦೧೯ರಲ್ಲಿ ಕೇಂದ್ರ ಸರಕಾರವು ಅದನ್ನು ೨೦೨೯ರ ವರೆಗೆ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ನಮ್ಮ ದಕ್ಷಿಣ ಕನ್ನಡದಲ್ಲಿಯೂ ಕಾಡುಹಂದಿಯಿಂದ ಬೆಳೆಯನ್ನು ಕಾಯಲು ಪರವಾನಿಗೆ ಪಡೆದು ಕೇಪಿನ ಕೋವಿಯನ್ನಿಟ್ಟುಕೊಂಡ ಕೃಷಿಕರಿದ್ದಾರೆ. ಆದಕಾರಣ ಕರಿಮದ್ದಿನ ಕೋವಿಗೆ ತಕ್ಕ ಗುಂಡು ಯಾವುದೆಂಬ ವಿಚಾರವು ಗೃಹಸ್ಥನಿಗೆ ಪರಕೀಯವಲ್ಲ.

ಹಳೆಯ ಕೇಪಿನ ಕೋವಿಗಳಲ್ಲಿ ಹೆಚ್ಚಿನವು ನುಣ್ಣನೆಯ ನಳಿಗೆಯವು. ಅದರೊಳಗಿನ ಉರುಟು ಗುಂಡು ನಳಿಗೆಗಿಂತ ಕಿರಿದಾಗಿರುವುದರಿಂದ ಅತ್ತಿತ್ತ ತಾಗುತ್ತ ಹೊರಬೀಳುವುದು. ಕೊನೆಯಲ್ಲಿ ಯಾವ ಬದಿಗೆ ತಾಗಿತೋ ಅದಕ್ಕೆ ಸರಿಯಾಗಿ ಹೊರಳುತ್ತ ಹೋಗುವುದು. ನೂರು ಗಜದಾಚೆಗೆ ಅದರ ಗತಿಯನ್ನು ಹೇಳುವುದು ಕಷ್ಟ. ಇಂಥ ಕೋವಿಗೆ ಎಂಥ ಗುಂಡನ್ನು ಆರಿಸಿದರೂ ದೂರದ ಗುರಿಯ ಆಸೆಯು ವ್ಯರ್ಥವೆಂದು ಮೊದಲೇ ತಿಳಿಯುವುದು ಲೇಸು.

ದೂರದ ಗುರಿಗೆ ನಳಿಗೆಯೊಳಗೆ ಸುರುಳಿಗೆರೆಗಳಿರಬೇಕು. ಅವು ಗುಂಡನ್ನು ಬುಗುರಿಯಂತೆ ತಿರುಗಿಸುವುವು. ತಿರುಗುವ ಬುಗುರಿಯು ಬೀಳದೆ ನಿಲ್ಲುವಂತೆ ತಿರುಗುವ ಗುಂಡು ತಲೆ ಮುಂದಾಗಿಯೇ ಸಾಗುವುದು. ಹೀಗೆ ತಿರುಗಿಸುವ ಉಪಾಯವು ಸಿಕ್ಕಿದ ಮೇಲೆ ಉರುಟು ಗುಂಡನ್ನು ಬಿಟ್ಟು ನೀಳವಾದುದನ್ನು ಎರೆಯಲು ಸಾಧ್ಯವಾಯಿತು. ಒಂದೇ ದಪ್ಪದಲ್ಲಿ ಹೆಚ್ಚು ಭಾರವಿರುವುದರಿಂದ ನೀಳವಾದ ಗುಂಡು ಗಾಳಿಯ ತಡೆಗೆ ಬೇಗನೆ ಸೋಲದು. ೧೮೪೯ರಲ್ಲಿ ಫ್ರಾನ್ಸಿನ ಮಿನಿಯೇ ಎಂಬವನು ಬುಡದಲ್ಲಿ ಟೊಳ್ಳಾದ ಗುಂಡನ್ನು ರೂಪಿಸಿದನು. ಮದ್ದಿನ ಒತ್ತಡದಿಂದ ಬುಡವು ಅರಳಿ ಸುರುಳಿಗೆರೆಗಳನ್ನು ಹಿಡಿಯುತ್ತಿದ್ದಿತು. ಆ ಜಾತಿಯ ಗುಂಡನ್ನು ಹಾರಿಸುವ ಎನ್‌ಫೀಲ್ಡ್ ಕೋವಿಯ ಕೊಬ್ಬು ಸವರಿದ ತೋಟೆಯೇ ೧೮೫೭ರ ಬಂಡಾಯಕ್ಕೆ ಒಂದು ನೆಪವಾಯಿತೆಂಬುದು ಸರ್ವವಿದಿತ.

ಇನ್ನು ಆಯ್ಕೆಯ ಕ್ರಮ. ಮೊದಲನೆಯದು ದಪ್ಪ. ಮೆದುವಾದ ಸೀಸದ ತುಂಡೊಂದನ್ನು ಬರಿದಾದ ನಳಿಗೆಯೊಳಗೆ ಮೆಲ್ಲನೆ ತಳ್ಳಿ ಹೊರತೆಗೆದರೆ ನಳಿಗೆಯ ನಿಜವಾದ ಅಳತೆಯು ಅದರ ಮೇಲೆ ಅಚ್ಚಾಗಿರುವುದು. ಕೋವಿಯ ಮೇಲೆ ಕೊರೆದ ಅಂಕೆಯನ್ನು ನಂಬುವುದಕ್ಕಿಂತ ಈ ಸಾಕ್ಷಿಯನ್ನು ನಂಬುವುದು ಮೇಲು. ಹಿಂದಿನಿಂದ ತುಂಬುವ ಕೋವಿಯಾದರೆ, ಜಿಡ್ಡಿನ ಗೀರುಳ್ಳ ಗುಂಡು ಗೆರೆಗಳ ಆಳಕ್ಕೆ ಸರಿಯಾಗಿಯೋ ಕೂದಲೆಳೆಯಷ್ಟು ಹೆಚ್ಚಾಗಿಯೋ ಇರಬೇಕು. ಕಾಗದ ಸುತ್ತಿದ ಗುಂಡಾದರೆ ಕಾಗದವೂ ಸೇರಿ ನಳಿಗೆಯ ಒಳಮೈಗೆ ಹೊಂದಬೇಕು.

ಎರಡನೆಯದು ಉದ್ದ. ಗುಂಡು ಉದ್ದವಾದಷ್ಟೂ ಅದನ್ನು ಸ್ಥಿರವಾಗಿಡಲು ಹೆಚ್ಚು ಬಿಗಿಯಾದ ಸುತ್ತು ಬೇಕು. ಗ್ರೀನ್‌ಹಿಲ್ ಎಂಬ ಗಣಿತಜ್ಞನು ೧೮೭೯ರಲ್ಲಿ ಇದಕ್ಕೊಂದು ಸುಲಭ ಸೂತ್ರವನ್ನು ಕೊಟ್ಟನು. ಗುಂಡಿನ ಉದ್ದವು ಅದರ ದಪ್ಪದ ಎಷ್ಟು ಪಾಲೋ ಅದರಿಂದ ೧೫೦ನ್ನು ಭಾಗಿಸಿದರೆ, ಎಷ್ಟು ದಪ್ಪಗಳ ದೂರಕ್ಕೆ ಒಂದು ಸುತ್ತು ಬೇಕೆಂಬುದು ದೊರೆಯುವುದು. ದಪ್ಪವು ೦.೪೫ ಅಂಗುಲ, ಉದ್ದವು ಅದರ ಮೂರು ಪಾಲು, ಎಂದರೆ ೧.೩೫ ಅಂಗುಲ ಎಂದಿಟ್ಟುಕೊಳ್ಳಿರಿ. ೧೫೦ನ್ನು ೩ರಿಂದ ಭಾಗಿಸಿದರೆ ೫೦. ಐವತ್ತು ದಪ್ಪಗಳೆಂದರೆ ೨೨.೫ ಅಂಗುಲ. ಅಮೆರಿಕದ ೧೮೭೩ರ ಸ್ಪ್ರಿಂಗ್‌ಫೀಲ್ಡ್ ಕೋವಿಯ ಸುತ್ತು ೨೨ ಅಂಗುಲಕ್ಕೊಂದು ಇದ್ದಿತು. ಆದರೆ ಇದು ಅಂಚಿನ ಲೆಕ್ಕ. ಸಾವಿರ ಗಜದ ಪಂದ್ಯಗಳಲ್ಲಿ ೫೪೦ ಗ್ರೇನಿನ, ಎಂದರೆ ನಮ್ಮ ತೂಕದಲ್ಲಿ ಸರಿಯಾಗಿ ಮೂರು ತೊಲದ ಗುಂಡನ್ನು ಹಾರಿಸುವವರು ೧೮ ಅಥವಾ ೧೬ ಅಂಗುಲದ ಸುತ್ತನ್ನೇ ಬಯಸುವರು. ಸುತ್ತು ಸಡಿಲವಾದ ಕೋವಿಗೆ ಭಾರವಾದ ಗುಂಡನ್ನು ತುರುಕುವುದು ಬಾಲಕನಿಗೆ ಪಾಣಿನಿಯ ಸೂತ್ರಗಳನ್ನು ಮೊದಲ ದಿನವೇ ಒಪ್ಪಿಸಿದಂತೆ.

ಮೂರನೆಯದು ಲೋಹದ ಹದ. ಶುದ್ಧ ಸೀಸವು ಅತಿ ಮೆದು. ಮದ್ದಿನ ಹೊಡೆತಕ್ಕೆ ನೀಳವಾದ ಮೂತಿಯು ಕುಸಿದು ಓರೆಯಾದೀತು. ಅತಿ ಗಡುಸಾದರೆ ಬುಡವು ಹಿಗ್ಗದು. ಬಿಸಿಗಾಳಿಯು ಪಕ್ಕದಿಂದ ನುಸುಳಿ ಗುಂಡನ್ನು ಸವೆಸುವುದು. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರವೆಂಬುದು ಬಹುಕಾಲದಿಂದ ಮೆಚ್ಚಿಗೆ ಪಡೆದ ಮಿಶ್ರಣ.

ನಾಲ್ಕನೆಯದು ಮೂತಿ. ಕರಿಮದ್ದಿನ ಗುಂಡು ನಳಿಗೆಯನ್ನು ಬಿಡುವಾಗ ಸೆಕೆಂಡಿಗೆ ೧೨೦೦, ೧೩೦೦ ಅಡಿಗಳ ವೇಗದಲ್ಲಿರುವುದು; ದಾರಿಯಲ್ಲಿ ಶಬ್ದದ ವೇಗಕ್ಕಿಂತ ಕೆಳಗಿಳಿಯುವುದು. ಸಾವಿರ ಗಜವನ್ನು ಕ್ರಮಿಸಲು ಅದಕ್ಕೆ ಸುಮಾರು ಮೂರು ಸೆಕೆಂಡು ಬೇಕು. ಅಷ್ಟರಲ್ಲಿ ನೂರಡಿಗೂ ಹೆಚ್ಚು ಕೆಳಗೆ ಬೀಳುವುದು. ಆದಕಾರಣ ಅಷ್ಟು ಮೇಲಕ್ಕೆ ಗುರಿಯಿಡಬೇಕಾಗುವುದು. ಆ ಮೂರು ಸೆಕೆಂಡೂ ಗಾಳಿಯು ಅದನ್ನು ದೂಡುತ್ತಿರುವುದು. ಸಪೂರವಾದ ಮೂತಿಯು ವೇಗವನ್ನು ಕಾಯುವುದು. ಮೊಂಡು ಮೂತಿಯು ಹತ್ತಿರದ ಗುರಿಗೆ ಸಾಕು.

ಐದನೆಯದು ಜಿಡ್ಡು. ಕರಿಮದ್ದು ಉರಿದ ಮೇಲೆ ಅದರ ಅರ್ಧಕ್ಕಿಂತ ಹೆಚ್ಚು ಭಾಗವು ಘನರೂಪದ ಕಿಟ್ಟವಾಗಿ ಉಳಿಯುವುದು. ಜೇನುಮೇಣವನ್ನೂ ಕೊಬ್ಬನ್ನೋ ಸಸ್ಯದ ಎಣ್ಣೆಯನ್ನೋ ಬೆರಸಿದ ಜಿಡ್ಡು ಅದನ್ನು ಮೆದುವಾಗಿಡುವುದು. ಹಿಂದಿನಿಂದ ತುಂಬುವ ಕೋವಿಯವರು ಎರಡು ಹೊಡೆತಗಳ ನಡುವೆ ಕೊಳವೆಯೊಂದರಿಂದ ನಳಿಗೆಯೊಳಗೆ ಉಸಿರೂದುವುದೂ ಇದಕ್ಕಾಗಿಯೇ. ಉಸಿರಿನ ತೇವವು ಕಿಟ್ಟವನ್ನು ಹದಗೊಳಿಸುವುದು.

ಇಷ್ಟಾದ ಮೇಲೆ ಪ್ರತಿಯೊಂದು ಗುಂಡನ್ನೂ ಅಕ್ಕಸಾಲೆಯ ತಕ್ಕಡಿಯಂಥದರಲ್ಲಿ ತೂಗಬೇಕು. ಜತೆಯವುಗಳಿಗಿಂತ ಒಂದು ಗುಲಗಂಜಿಯಷ್ಟು ಹಗುರವಾದ ಗುಂಡಿನ ಒಡಲಲ್ಲಿ ಗಾಳಿಯ ಗುಳ್ಳೆಯಿರಬಹುದು. ಅದನ್ನು ಮರಳಿ ಕರಗಿಸುವುದೇ ಸರಿ. ಪರೀಕ್ಷಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಗುಂಡು, ಮದ್ದು, ಜಿಡ್ಡು ಮೂರನ್ನೂ ಒಟ್ಟಿಗೆ ಬದಲಿಸಿದವನಿಗೆ ಗುಣವು ಯಾವುದರಿಂದ ಬಂದಿತೆಂದು ತಿಳಿಯದು. ನೈಯಾಯಿಕರು ಇದನ್ನೇ ಅನ್ವಯ ವ್ಯತಿರೇಕವೆಂದರು.

ಗುಂಡೆಲ್ಲ ಸರಿಯಿದ್ದೂ ಮನಸ್ಸು ತಪ್ಪಿದರೆ ಏನಾಗುವುದೆಂಬುದಕ್ಕೆ ೧೮೭೪ರ ಸೆಪ್ಟೆಂಬರದಲ್ಲಿ ನ್ಯೂಯಾರ್ಕಿನ ಬಳಿಯ ಕ್ರೀಡ್‌ಮೂರಿನಲ್ಲಿ ನಡೆದ ಪಂದ್ಯವು ನಿದರ್ಶನ. ಐರಿಷರು ಬಾಯಿಯಿಂದ ತುಂಬುವ ಕೋವಿಗಳನ್ನೂ, ಅಮೆರಿಕದವರು ಹಿಂದಿನಿಂದ ತುಂಬುವ ಕೋವಿಗಳನ್ನೂ ಹಿಡಿದಿದ್ದರು. ೮೦೦, ೯೦೦, ೧೦೦೦ ಗಜಗಳಲ್ಲಿ ಪಕ್ಷಕ್ಕೆ ಆರು ಮಂದಿ. ಐರಿಷ್ ಪಕ್ಷದ ಮಿಲ್ನರನ ಗುಂಡು ಗುರಿಯ ಮಧ್ಯಕ್ಕೇ ತಾಗಿತು. ಆದರೆ ಅದು ಪಕ್ಕದವರ ಗುರಿಹಲಗೆ! ನಾಲ್ಕು ಅಂಕಗಳು ಹೋದುವು. ಕೊನೆಗೆ ಅಮೆರಿಕವು ೯೩೪ಕ್ಕೆ ೯೩೧ರಿಂದ ಗೆದ್ದಿತು. ಆ ಗುಂಡು ತನ್ನ ಹಲಗೆಗೆ ತಾಗಿದ್ದರೆ ಐರಿಷರಿಗೆ ೯೩೫ ಆಗುತ್ತಿದ್ದಿತು.

ಅಲ್ಲಿ ಹೋದುದು ಪಂದ್ಯ. ಮನೆಯಲ್ಲಾದರೆ ಪ್ರಾಣವೇ ಹೋದೀತು. ೧೮೭೯ರಲ್ಲಿ ಅಮೆರಿಕದ ಸ್ಯಾಂಡಿ ಹುಕ್ಕಿನಲ್ಲಿ ನಡೆದ ಪರೀಕ್ಷೆಯಲ್ಲಿ ಇಂಥ ಕರಿಮದ್ದಿನ ಗುಂಡುಗಳು ೩೫೦೦ ಗಜ, ಎಂದರೆ ಎರಡು ಮೈಲಿಗೆ ಸ್ವಲ್ಪವೇ ಕಡಿಮೆ, ಹಾರಿ ಹಲಗೆಯನ್ನು ಭೇದಿಸಿದುವು. ನಮ್ಮ ಕುಲಶೇಖರದಿಂದ ನಂತೂರಿನ ದಿಕ್ಕಿಗೆ ಅಷ್ಟು ದೂರದಲ್ಲಿ ಎಷ್ಟು ಮನೆಗಳು, ಎಷ್ಟು ಅಂಗಳಗಳಲ್ಲಿ ಮಕ್ಕಳು ಇರುವರೆಂದು ಎಣಿಸಿರಿ. ಆದುದರಿಂದ ಗುರಿಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬವಿರುವ, ಕಾನೂನು ಒಪ್ಪಿದ ಸ್ಥಳದಲ್ಲಲ್ಲದೆ ಬೇರೆಲ್ಲಿಯೂ ಈ ವಿದ್ಯೆಯನ್ನು ಸಾಧಿಸಲಾಗದು.

ಮನೆಯೊಳಗೆ ಇನ್ನೊಂದು ಅಪಾಯವುಂಟು. ಸೀಸವು ವಿಷ, ಮಕ್ಕಳಿಗೂ ಗರ್ಭಿಣಿಯರಿಗೂ ವಿಶೇಷವಾಗಿ. ಅಡಿಗೆಯ ಒಲೆಯ ಮೇಲೆ, ಅಡಿಗೆಯ ಪಾತ್ರೆಯಲ್ಲಿ ಅದನ್ನು ಎಂದೂ ಕರಗಿಸಬಾರದು. ಎರೆಯುವ ಕೆಲಸವು ಹೊರಗೆ, ಗಾಳಿಯಾಡುವಲ್ಲಿ ನಡೆಯಲಿ. ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂಡ್ರಬಾರದು. ಕರಿಮದ್ದಿಗಾಗಿ ಮಾಡಿದ ಹಳೆಯ ನಳಿಗೆಯೊಳಗೆ ಈಗಿನ ಹೊಗೆಯಿಲ್ಲದ ಮದ್ದನ್ನು ಹಾಕಿದರೆ ನಳಿಗೆಯೇ ಸಿಡಿದೀತು. ಅಜ್ಜನ ಕಾಲದ ಕೋವಿಯನ್ನು ಮುಂದಿನ ಕೈಲ್ ಮುಹೂರ್ತಕ್ಕೆ ಇಳಿಸುವವರು ಪರವಾನಿಗೆಯುಳ್ಳ ಕೋವಿಯ ಕೆಲಸಗಾರನಿಗೆ ಅದನ್ನು ತೋರಿಸಿ, ನಳಿಗೆಯು ಗಟ್ಟಿಯಾಗಿದೆಯೆಂದು ಅವನು ಹೇಳಿದ ಮೇಲೆಯೇ ಗುಂಡಿನ ವಿಚಾರಕ್ಕೆ ಹೋಗಲಿ. ತುಕ್ಕು ತಿಂದುದೆಂದು ಅವನು ಹೇಳಿದರೆ ಹೂವು ಮುಡಿಸಿ ದೀಪದ ಮುಂದಿಟ್ಟು ಪೂಜಿಸಿದರೆ ಸಾಕು. ಹಿರಿಯರ ಮರ್ಯಾದೆಗೆ ಅದರಿಂದ ಯಾವ ಕುಂದೂ ಇಲ್ಲ.