ಮುತ್ತಲ ಬೀಜದ ಹುಳದ ಔಷಧ: ಎಣಿಸಿ ತೋರಸ್ರಿ

ಮಳಿ ಬಿದ್ದು ಹುಲ್ಲು ಚಿಗತ ಕೂಡಲೇ ಗ್ರೂಪಿನ್ಯಾಗ ಅದೇ ಫಾರ್ವರ್ಡ್ ಶುರು ಆಗ್ಯಾವ: "ಮುತ್ತಲ ಬೀಜ ಅರದು ಕುಡಸ್ರಿ, ಕುರಿ ಹೊಟ್ಯಾಗಿನ ಹುಳ ಎಲ್ಲಾ ಹೊರಗ." ಎಷ್ಟು ಬೀಜ? ಎಷ್ಟು ತೂಕದ ಕುರಿಗೆ? ಎಷ್ಟು ದಿನ? ಕೇಳಿದ್ರ "ನಮ್ಮ ಅಜ್ಜ ಕೊಡ್ತಿದ್ದ" ಅಂತಾರ. ನಮ್ಮಜ್ಜನೂ ಕೊಡ್ತಿದ್ದ. ಸತ್ತ ಮರಿ ಲೆಕ್ಕ ಮಾತ್ರ ಯಾರೂ ಬರದಿಟ್ಟಿಲ್ಲ.

ನಾ ನಾಟಿ ಔಷಧದ ವೈರಿ ಅಲ್ಲ. ಮುತ್ತಲ ಬೀಜದಾಗ ಪಲಾಸೋನಿನ್ ಅನ್ನೋ ಅಂಶ ಅದ, ಅದು ಹುಳದ ಮ್ಯಾಲ ಕೆಲಸ ಮಾಡೋದು ಪ್ರಯೋಗದಾಗ ಕಂಡದ. ಆದ್ರ ಗಾಜಿನ ತಟ್ಟ್ಯಾಗ ಹುಳ ಸಾಯೋದು ಬ್ಯಾರೆ, ನಾಲ್ಕು ಖೋಲಿ ಇರೋ ಕುರಿ ಹೊಟ್ಯಾಗ ಸಾಯೋದು ಬ್ಯಾರೆ. ರಕ್ತ ಹೀರೋ ಹೀಮಾಂಕಸ್ ಹುಳ ಕೂಡೋದು ನಾಲ್ಕನೇ ಖೋಲ್ಯಾಗ. ಒಂದೊಂದು ಹೆಣ್ಣುಹುಳ ದಿನಕ್ಕ ಸಾವಿರಗಟ್ಟಲೆ ತತ್ತಿ ಇಡ್ತದ. ಕಣ್ಣಿನ ಒಳರೆಪ್ಪಿ ಬಿಳಚಿ, ಗದ್ದದ ಕೆಳಗ ನೀರು ತುಂಬಿದ ಮರಿಗೆ "ಒಂದು ವಾರ ನೋಡೂಣು" ಅನ್ನೋವಷ್ಟು ವ್ಯಾಳ್ಯಾ ಇರಂಗಿಲ್ಲ.

"ಕುಡಿಸಿದ ಮರುದಿನ ಹುಳ ಬಿತ್ತು" ಅನ್ನೋದೂ ಸಾಕ್ಷಿ ಅಲ್ರಿ. ಹಿಕ್ಕ್ಯಾಗ ಕಾಣೋ ಅಕ್ಕಿಕಾಳಿನಂಥ ತುಂಡು ಲಾಡಿಹುಳದ್ದು, ಔಷಧ ಕೊಡದಿದ್ರೂ ಬೀಳ್ತದ. ಹೀಮಾಂಕಸ್ ತತ್ತಿ ನೋಡಾಕ ಸೂಕ್ಷ್ಮದರ್ಶಕನೇ ಬೇಕು.

ಚೀನಾದ ತು ಯೂಯೂ ಅವರೂ ಮಲೇರಿಯಾಕ್ಕ ಹಳೇ ಪುಸ್ತಕದಾಗಿನ ಗಿಡನೇ ಹಿಡದ್ರು. ಮೊದಲು ತಗದ ರಸ ಒಮ್ಮೆ ನಡೀತು, ಒಮ್ಮೆ ಇಲ್ಲ. ಕಡಿಮಿ ಬಿಸಿಯೊಳಗ ತಗದಾಗ 1971ರಾಗ ಇಲಿ ಮ್ಯಾಲ ಪೂರಾ ಫಲ ಬಂತು. ಆಮ್ಯಾಲ ಮಂಗಕ್ಕ, ಆಮ್ಯಾಲ ತಾವೇ ತಗೊಂಡು ನೋಡಿ, ನಂತರ ರೋಗಿಗೆ. 2015ಕ್ಕ ನೊಬೆಲ್ ಬಂತು. ಅಜ್ಜ ಹೇಳ್ಯಾನ ಅಂತ ಅಲ್ಲಿಗೇ ಬಿಟ್ಟಿದ್ರ?

ಗಿಡಮೂಲಿಕೆ ಅಂದ್ರ ನಗೋ ಮಂದಿಗೂ ಒಂದು ಮಾತು. ಅಲ್ಬೆಂಡಜೋಲ್ ಒಂದನ್ನೇ ವರ್ಷಾನುಗಟ್ಟಲೆ ಅಂದಾಜಿನ ಡೋಸಿನ್ಯಾಗ ಹಾಕಿದ್ರ ಹುಳ ಅದಕ್ಕ ಜಗ್ಗಂಗಿಲ್ಲ. ಬಾಟ್ಲಿಗೂ ಅದೇ ಪರೀಕ್ಷೆ ಹಿಡೀರಿ.

ಪರೀಕ್ಷೆ ಅಂದ್ರ: ಗಟ್ಟಿ ಇರೋ ಕುರಿ ಮೂರು ಗುಂಪು ಮಾಡೋದು. ಒಂದಕ್ಕ ತೂಕ ನೋಡಿ ಬೀಜ, ಒಂದಕ್ಕ ದವಾಖಾನಿ ಔಷಧ, ಒಂದಕ್ಕ ಏನೂ ಇಲ್ಲ. ಮುಂಚೆ ಒಮ್ಮೆ, ಎರಡು ವಾರಕ್ಕ ಒಮ್ಮೆ ಒಂದೊಂದರದೂ ತಾಜಾ ಹಿಕ್ಕಿ ತಗೊಂಡು ತತ್ತಿ ಎಣಿಸೋದು. ಸೊರಗಿದ ಮರಿ ಇದರಾಗ ಬ್ಯಾಡ, ಅದನ್ನ ಸೀದಾ ಡಾಕ್ಟರ್ ಹತ್ರ ಒಯ್ಯಿರಿ.

ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ನಮ್ಮ ಭಾಗದಾಗೇ ಅದ. ನಾಲವಾರ, ವಾಡಿ, ಚಿತ್ತಾಪುರ ಕಡೆ ಕುರಿ ಇದ್ದವರು ಕೂಡಿ ಅರ್ಜಿ ಹಾಕೂಣು: ಬೀಜ ನಾವು ಕೊಡ್ತೀವಿ, ಕುರಿ ನಮ್ಮವು, ಡೋಸು ಗೊತ್ತುಮಾಡಿ ಎಣಿಕಿ ನೀವು ಮಾಡ್ರಿ. ಸಹಿ ಹಾಕೋರು ಊರು ಯಾವುದು, ಕುರಿ ಎಷ್ಟು ಅಂತ ಕೆಳಗ ಬರೀರಿ.