ಒಟ್ಟು ಅಂಕ ಹೇಳದ ಮರೆವು

ಬೈಕಿನಿಂದ ಬಿದ್ದು ತಲೆಗೆ ಲಘುವಾಗಿ ಪೆಟ್ಟಾದವರ ಸಿ.ಟಿ. ಸ್ಕ್ಯಾನ್ ಬಹುಪಾಲು ನಾರ್ಮಲ್ ಎಂದೇ ಬರುತ್ತದೆ. ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಅಂಕ 13ರಿಂದ 15, ಪ್ರಜ್ಞೆ ತಪ್ಪಿದ್ದರೂ ಅರ್ಧ ಗಂಟೆ ಮೀರಿಲ್ಲ. ಆದರೂ ‘ಹೇಳಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ’ ಎಂಬ ದೂರು. ಆಗ ನೆರವಿಗೆ ಬರುವುದು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಆಂಡ್ರೆ ರೇ ಹೆಸರಿನ ಪದಪಟ್ಟಿ ಪರೀಕ್ಷೆ. 15 ಪದಗಳನ್ನು ಐದು ಸಲ ಓದಿ, ಪ್ರತಿ ಸಲವೂ ನೆನಪಾದಷ್ಟನ್ನು ಹೇಳಿಸುತ್ತಾರೆ. ನಡುವೆ ಇನ್ನೊಂದು ಪಟ್ಟಿ ತಂದು ಗಮನ ಕದಡಿ, ಮೊದಲನೆಯದನ್ನು ಮತ್ತೆ ಕೇಳುತ್ತಾರೆ. ಸುಮಾರು ಅರ್ಧ ಗಂಟೆ ಬಿಟ್ಟು ಮಗದೊಮ್ಮೆ. ಕೊನೆಗೆ ಬೇರೆ ಪದಗಳ ಜೊತೆ ಬೆರೆಸಿ, ಪಟ್ಟಿಯಲ್ಲಿದ್ದವನ್ನು ಗುರುತಿಸಲು ಹೇಳುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ರಿಪೋರ್ಟಿನಲ್ಲಿ ಕಣ್ಣು ಹೋಗುವುದು ಒಟ್ಟು ಅಂಕಕ್ಕೆ. ನನ್ನ ತಕರಾರು ಅದರ ಬಗ್ಗೆ.

ಒಬ್ಬರು ಐದು ಸುತ್ತುಗಳಲ್ಲಿ 5, 8, 10, 11, 11 ಪದ ಹೇಳಿದರು ಎನ್ನಿ. ಇನ್ನೊಬ್ಬರು ಪ್ರತಿ ಸಲವೂ 9. ಇಬ್ಬರದೂ ಮೊತ್ತ 45. ಮೊದಲಿನವರು ಕಲಿಯುತ್ತಿದ್ದಾರೆ, ಎರಡನೆಯವರಿಗೆ ಪುನರಾವರ್ತನೆಯಿಂದ ಏನೂ ದಕ್ಕುತ್ತಿಲ್ಲ. ಅರ್ಧ ಗಂಟೆಯ ನಂತರ ಹೇಳಲಾಗದ ಪದವನ್ನು ಕಂಡೊಡನೆ ಗುರುತಿಸಿದರೆ ಅದು ಒಳಗೆ ಉಳಿದಿದೆ, ಹೊರಗೆ ಬರುತ್ತಿಲ್ಲ ಅಷ್ಟೇ. ಗುರುತಿಸಲೂ ಆಗದಿದ್ದರೆ ಬಹುಶಃ ಒಳಗೆ ಇಳಿದೇ ಇಲ್ಲ. ಲಘು ಪೆಟ್ಟು ಗಮನ ಮತ್ತು ಚುರುಕನ್ನು ಬಾಧಿಸುವುದು ಸಾಮಾನ್ಯ. ಅದು ಮರೆವಿನ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಪಟ್ಟಿ ತೀರಾ ಸುಲಭವಾದರೆ ಇದ್ಯಾವುದೂ ಕಾಣದು. ಆಟಗಾರರಿಗೆಂದು ರೂಪಿಸಿದ ಪರೀಕ್ಷೆಯಲ್ಲಿ ಐದೇ ಪದಗಳಿದ್ದಾಗ ಅನೇಕರು ಐದಕ್ಕೈದು ಹೇಳಿಬಿಡುತ್ತಿದ್ದರು. 2017ರ ಆವೃತ್ತಿಯಲ್ಲಿ ಹತ್ತು ಪದಗಳ ಪಟ್ಟಿ ಬಂದದ್ದು ಅದಕ್ಕೇ.

ಅಪಘಾತ ಪರಿಹಾರದ ಹಣದಾಸೆಗೆ ಮರೆತಂತೆ ನಟಿಸುವವರಿಲ್ಲವೇ? ಇದ್ದಾರೆ. ಆದರೆ ನಟಿಸುವವರು ಗುರುತಿಸುವ ಹಂತದಲ್ಲೂ ಅತಿಯಾಗಿ ಎಡವುವುದುಂಟು. ಎರಡರಲ್ಲಿ ಒಂದನ್ನು ಆರಿಸುವ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ ಆರಿಸಿದ್ದಕ್ಕಿಂತ ತೀರಾ ಕಡಿಮೆ ಅಂಕ ಬಂದರೆ, ಸರಿಯುತ್ತರ ಗೊತ್ತಿತ್ತೆಂದೇ ಅರ್ಥ. ಹಾಗೆಂದು ಕಡಿಮೆ ಅಂಕವೆಲ್ಲ ಮೋಸವಲ್ಲ. ತಲೆನೋವು, ನಿದ್ದೆಗೇಡು, ಖಿನ್ನತೆಗಳೂ ಪದಗಳನ್ನು ಕಸಿಯುತ್ತವೆ. ಇನ್ನು ಅಂಕದ ಮೇಲೆ ವಿದ್ಯಾಭ್ಯಾಸ ಬೀರುವ ಪ್ರಭಾವದ ಪ್ರಶ್ನೆ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆ ವಯಸ್ಸು, ಓದು, ಲಿಂಗಕ್ಕೆ ತಕ್ಕ ಮಾನಕಗಳನ್ನು ಕೊಟ್ಟಿತು. ಅದು ದೊಡ್ಡ ಕೆಲಸವೇ. ಆದರೂ ಹಿಂದೆ 14 ಪದ ಹೇಳಬಲ್ಲವರಾಗಿದ್ದು ಈಗ 10ಕ್ಕೆ ಇಳಿದವರನ್ನು ಮಾನಕ ‘ಸಾಮಾನ್ಯ’ ಎಂದೇ ಕರೆದೀತು. ಬಹುತೇಕರು ಮೂರು ತಿಂಗಳೊಳಗೆ ಚೇತರಿಸಿಕೊಳ್ಳುವುದರಿಂದ ಮರುಪರೀಕ್ಷೆ ಬೇಕು, ಅದೂ ಬೇರೆ ಪಟ್ಟಿಯಿಂದ. ಇಲ್ಲವಾದರೆ ವಾಸಿಯಾದದ್ದು ಎಷ್ಟು, ಬಾಯಿಪಾಠವಾದದ್ದು ಎಷ್ಟು ಎಂದು ಬೇರ್ಪಡಿಸಲಾಗದು. ಪರಿಹಾರ ನಿರ್ಧರಿಸುವ ನ್ಯಾಯಮಂಡಳಿಗಳಂತೂ ಮೊತ್ತವನ್ನಷ್ಟೇ ನೋಡದೆ ಐದೂ ಸುತ್ತಿನ ಅಂಕಗಳನ್ನು ಕೇಳಿ ಪಡೆಯಬೇಕು.